ಶುಗರ್ ಗಾಯಕ್ಕೆ ಸ್ಟೆಮ್ ಸೆಲ್ ಪರೀಕ್ಷೆ: ಇಲಿ ಮಾಡೆಲ್ ಕಟ್ಟುವುದು ಹೇಗೆ

ದಾವಣಗೆರೆ ಸುತ್ತ ಭದ್ರಾ ಕಾಲುವೆ ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವವರು ಎಷ್ಟು ಜನ! ಅವರಲ್ಲಿ ಶುಗರ್ ಇದ್ದವರಿಗೆ ಭತ್ತದ ಕೂಳೆ ಚುಚ್ಚಿದರೆ ಆ ಗಾಯ ತಿಂಗಳಾದರೂ ಮಾಯುವುದಿಲ್ಲ. ಇಂಥ ಗಾಯಕ್ಕೆ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಸೆಲ್ ಆಗಬಲ್ಲ ಮೂಲ ಸೆಲ್) ಕೆಲಸ ಮಾಡುತ್ತಾ ಅಂತ ಇಲಿಯಲ್ಲಿ ನೋಡಲು ಹೊರಟ ಇಲ್ಲಿನ ಪಿಜಿ ಹುಡುಗ ಹುಡುಗಿಯರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಇಲಿ ಗಾಯ ನಮ್ಮ ಗಾಯದ ಹಾಗೆ ಮಾಯುವುದಿಲ್ಲ. ಅದರ ಚರ್ಮದ ಕೆಳಗೆ ಪ್ಯಾನಿಕ್ಯುಲಸ್ ಕಾರ್ನೋಸಸ್ ಅನ್ನುವ ತೆಳು ಮಾಂಸದ ಪದರ ಇದೆ. ಅಜ್ಜಿ ಎಲೆಅಡಿಕೆ ಸಂಚಿಯ ದಾರ ಎಳೆದ ಹಾಗೆ ಅದು ಗಾಯದ ಅಂಚನ್ನು ಒಳಕ್ಕೆ ಎಳೆದು ಮುಚ್ಚುತ್ತದೆ. ನಮ್ಮಲ್ಲಿ ಆ ಪದರ ಹೆಚ್ಚೂಕಡಿಮೆ ಇಲ್ಲ. ನಮ್ಮ ಗಾಯ ತಳದಿಂದ ಹೊಸ ಮಾಂಸ ತುಂಬಿಕೊಂಡು, ಅದರ ಮೇಲೆ ಚರ್ಮ ಹರಡಿ ಮಾಯಬೇಕು. ಸುಮ್ನೆ ಬೆನ್ನ ಮೇಲೆ ಗಾಯ ಮಾಡಿ, ಸೆಲ್ ಹಾಕಿ, ಬೇಗ ಮುಚ್ಚಿತು ಅಂದರೆ ಮುಚ್ಚಿದ್ದು ಸೆಲ್ಲೋ ಆ ಮಾಂಸವೋ ಹೇಗೆ ಹೇಳ್ತೀರಿ?

ಇದಕ್ಕೆ ದಾರಿ ಸಿಲಿಕೋನ್ ರಿಂಗ್, ಅದು ಗಾಯದ ಅಂಚನ್ನು ಒಳಕ್ಕೆ ಎಳೆದುಕೊಳ್ಳದಂತೆ ಹಿಡಿದಿಡುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಹಾಳೆಯಿಂದ ಬಳೆಯ ಹಾಗೆ ಕತ್ತರಿಸಿಕೊಳ್ಳಿ. 10 ಮಿ.ಮೀ. ಗಾಯವಾದರೆ ರಿಂಗ್‌ನ ಒಳಬಾಯಿ 12 ಮಿ.ಮೀ. ಇರಲಿ. ಅಂಟು ಹಚ್ಚಿ ಕೂರಿಸಿ, ಸುತ್ತ ಎಂಟು ನೈಲಾನ್ ಹೊಲಿಗೆ ಹಾಕಿ. ಅಂಟು ಗಾಯದೊಳಗೆ ಹರಿಯಬಾರದು. ದಿನಾ ನೋಡಿ. ಹೊಲಿಗೆ ಒಂದು ಬಿಟ್ಟರೂ ಆ ಕಡೆಯಿಂದ ಗಾಯ ಎಳೆದುಕೊಳ್ಳುತ್ತದೆ. ರಿಂಗ್ ಪೂರ್ತಿ ಕಿತ್ತ ಇಲಿಯನ್ನು ಏನು ಮಾಡುವುದು ಅಂತ ಶುರುವಿಗೇ ಬರೆದಿಡಿ. ಗಾಯವಾದ ಮೇಲೆ ಒಂದು ಕೇಜ್‌ಗೆ ಒಂದೇ ಇಲಿ, ಇಲ್ಲದಿದ್ದರೆ ಒಂದರ ರಿಂಗನ್ನು ಇನ್ನೊಂದು ಕಚ್ಚುತ್ತದೆ. ನೋವಿನ ಔಷಧಿ ತಪ್ಪಿಸಲೇಬೇಡಿ, ಅದಕ್ಕೂ ನಮ್ಮಷ್ಟೇ ನೋವಾಗುತ್ತೆ ಅಲ್ವಾ.

ಇದೆಲ್ಲ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪಿದ ಮೇಲೆ ಮಾತ್ರ. ಒಪ್ಪಿಗೆಗೆ ಮೊದಲು ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಎಷ್ಟು ಇಲಿ ಅಂತ ಅಲ್ಲಿ ಕೇಳೇ ಕೇಳುತ್ತಾರೆ. ಒಂದು ಸರಳ ಲೆಕ್ಕ ಇದೆ: ಒಟ್ಟು ಇಲಿಗಳಿಂದ ಗುಂಪುಗಳ ಸಂಖ್ಯೆ ಕಳೆದರೆ 10ರಿಂದ 20ರೊಳಗೆ ಬರಬೇಕು. ನಾಲ್ಕು ಗುಂಪು, ಗುಂಪಿಗೆ ಆರು ಅಂದರೆ 24, ನಾಲ್ಕು ಕಳೆದರೆ 20. ಸರಿಹೋಯಿತು.

ಶುಗರ್ ಬರಿಸಲು ಸ್ಟ್ರೆಪ್ಟೋಜೋಟೋಸಿನ್, ಅಂದರೆ ಇನ್ಸುಲಿನ್ ಮಾಡುವ ಬೀಟಾ ಸೆಲ್‌ಗಳನ್ನು ಕೊಲ್ಲುವ ಔಷಧಿ. ಪಿಎಚ್ 4.5ರ ತಣ್ಣನೆಯ ಸಿಟ್ರೇಟ್ ಬಫರ್‌ನಲ್ಲಿ ಕಲಸಿ, ಕಲಸಿದ ತಕ್ಷಣ ಚುಚ್ಚಿಬಿಡಬೇಕು. ನಾನು ಮೊದಲ ಸಲ ಮಾಡಿದ್ದು ಏಪ್ರಿಲ್‌ನಲ್ಲಿ. ನಮ್ಮೂರ ಬಿಸಿಲು, ಅದರ ಮೇಲೆ ಕರೆಂಟ್ ಹೋಯಿತು, ಐಸ್ ಕರಗಿತು, ಆದರೂ ಬಿಡದೆ ಚುಚ್ಚಿದೆ. ಮೂರು ದಿನ ಬಿಟ್ಟು ನೋಡಿದರೆ ಅರ್ಧ ಇಲಿಗಳಿಗೆ ಶುಗರ್ ಬಂದಿರಲೇ ಇಲ್ಲ. ಆ ಇಲಿಗಳನ್ನು ನೋಡಿ ತುಂಬಾ ಸಂಕಟವಾಯಿತು. ಈಗ ಬೆಳಿಗ್ಗೆ ಏಳಕ್ಕೇ ಮುಗಿಸುತ್ತೇನೆ, ಐಸ್ ಎರಡು ಡಬ್ಬಿ ಇಟ್ಟುಕೊಳ್ಳುತ್ತೇನೆ. ಚುಚ್ಚಿದ ಮೊದಲ ರಾತ್ರಿ ಕುಡಿಯಲು 10% ಗ್ಲೂಕೋಸ್ ನೀರು ಇಡಿ. ಸಾಯುವ ಬೀಟಾ ಸೆಲ್‌ಗಳಿಂದ ಇನ್ಸುಲಿನ್ ಒಮ್ಮೆಗೇ ಸುರಿದು ಶುಗರ್ ಕುಸಿಯುತ್ತದೆ, ಗ್ಲೂಕೋಸ್ ಇಲ್ಲದಿದ್ದರೆ ಇಲಿ ಸಾಯಬಹುದು. 72 ಗಂಟೆ ಬಿಟ್ಟು ರಕ್ತದ ಶುಗರ್ 250 mg/dL ದಾಟಿದವನ್ನು ಮಾತ್ರ ತೆಗೆದುಕೊಳ್ಳಿ. ಇನ್ನೊಂದು ವಿಷಯ, ಇದು ಟೈಪ್ 1ಕ್ಕೆ (ಇನ್ಸುಲಿನ್ನೇ ಇಲ್ಲದಾಗುವ ಶುಗರ್) ಹತ್ತಿರ. ನಮ್ಮ ರೋಗಿಗಳಲ್ಲಿ ಜಾಸ್ತಿ ಇರುವುದು ಟೈಪ್ 2 (ಇನ್ಸುಲಿನ್ ಇದ್ದರೂ ಸರಿಯಾಗಿ ಕೆಲಸ ಮಾಡದ ಶುಗರ್). ಅದೇ ಬೇಕು ಅಂದರೆ ಕೆಲವು ವಾರ ಕೊಬ್ಬಿನ ಆಹಾರ ಕೊಟ್ಟು ಆಮೇಲೆ ಸ್ಟ್ರೆಪ್ಟೋಜೋಟೋಸಿನ್ ಕಡಿಮೆ ಡೋಸ್ ಕೊಡಬೇಕು.

ಮನುಷ್ಯರ ಸೆಲ್ ಹಾಕಿದರೆ ಇಲಿಯ ದೇಹ ಅದನ್ನು ಹೊರಗಿನದು ಅಂತ ಕೊಲ್ಲುತ್ತದೆ. ಥೈಮಸ್ (ಹೊರಗಿನದನ್ನು ಕೊಲ್ಲುವ ಟಿ ಸೆಲ್ ಬೆಳೆಯುವ ಗ್ರಂಥಿ) ಇಲ್ಲದ, ಕೂದಲಿಲ್ಲದ ನ್ಯೂಡ್ ಇಲಿ ಬಳಸಬಹುದು, ಅಥವಾ ಅದೇ ತಳಿಯ ಇಲಿಯ ಸೆಲ್ ಹಾಕಬಹುದು. ಸೆಲ್ಲನ್ನು ಜೆಲ್‌ನಲ್ಲಿ ಕಲಸಿ ಹಾಕುವುದಾದರೆ, ಒಂದು ಗುಂಪಿಗೆ ಸೆಲ್ ಇಲ್ಲದ ಬರೀ ಜೆಲ್ ಹಾಕಲೇಬೇಕು. ಎಷ್ಟೋ ಸಲ ಗಾಯ ಒದ್ದೆಯಾಗಿರುವುದರಿಂದಲೇ ಚೆನ್ನಾಗಿ ಮಾಯುತ್ತದೆ, ಹೆಸರು ಸೆಲ್‌ಗೆ ಬರುತ್ತದೆ.

ಅಳತೆಗೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ಫೋಟೋದಲ್ಲಿ ಅಳತೆ ಮಾಡುವ ಇಮೇಜ್‌ಜೆ ಸಾಫ್ಟ್‌ವೇರ್‌ಗೆ ಹಾಕಿ. ಯಾವ ಗುಂಪು ಅಂತ ಗೊತ್ತಿಲ್ಲದ ಗೆಳೆಯರ ಕೈಲಿ ಅಳೆಸಿ. ಕೊನೆಗೆ ಮೈಕ್ರೋಸ್ಕೋಪ್‌ನಲ್ಲಿ ನೋಡಲು ಸ್ಲೈಡ್ ಮಾಡುವಾಗ ಗಾಯವನ್ನು ನಟ್ಟನಡುವೆಯೇ ಕತ್ತರಿಸಿ. ಅಂಚಿನ ಕಡೆ ಕತ್ತರಿಸಿದರೆ ಮಾಯದ ಗಾಯವೂ ಮಾಯ್ದ ಹಾಗೆ ಕಾಣುತ್ತದೆ.