ಮಲಗಿ ಏಳುವ ಹಾರ್ಡ್ ಡಿಸ್ಕುಗಳು: ಯಕ್ಷಗಾನ ಸಂಗ್ರಹವೊಂದರ ಅನುಭವ

ಇಡೀ ರಾತ್ರಿಯ ಯಕ್ಷಗಾನದ ಆಟವೊಂದನ್ನು ಒಳ್ಳೆಯ ಗುಣಮಟ್ಟದಲ್ಲಿ ವೀಡಿಯೊ ಮಾಡಿಕೊಂಡರೆ ಅದಕ್ಕೆ ಹತ್ತಾರು ಗಿಗಾಬೈಟ್ ಜಾಗ ಬೇಕು. ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಟ ಮೇಳಗಳು ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವ ತನಕ ನಾನು ಸೇರಿಸಿಕೊಳ್ಳುವ ಇಂಥ ದಾಖಲೆಗಳೆಲ್ಲ ಉಡುಪಿಯ ನಮ್ಮ ಮನೆಯಲ್ಲಿ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕುಗಳಲ್ಲಿವೆ. ಒಂದರಲ್ಲಿ ಸಂಕಲನ ನಡೆಯುತ್ತಿರುವ ಈ ಸಾಲಿನ ಆಟಗಳು, ಇನ್ನೊಂದರಲ್ಲಿ ಅಪರೂಪಕ್ಕೆ ತೆರೆದು ನೋಡುವ ಹಳೆಯ ಸಂಗ್ರಹ. ಎರಡೂ ಹಗಲಿರುಳು ಚಾಲೂ ಇರುವ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದ ಸಣ್ಣ ಕಂಪ್ಯೂಟರೊಂದಕ್ಕೆ ಯುಎಸ್‌ಬಿ ಮೂಲಕ ಜೋಡಣೆಗೊಂಡಿವೆ.

ಇವುಗಳ ತೊಂದರೆ ಕಿವಿಗೇ ಕೇಳಿಸುವಂಥದ್ದು. ಯಾರೂ ಮುಟ್ಟದೆ ಸ್ವಲ್ಪ ಹೊತ್ತು ಬಿಟ್ಟರೆ ಮೋಟಾರಿನ ಸದ್ದು ಇಳಿಯುತ್ತ ನಿಂತುಹೋಗುತ್ತಿತ್ತು; ಇನ್ನು ಸ್ವಲ್ಪ ಹೊತ್ತಿಗೆ, ಯಾವ ಕಡತವನ್ನೂ ತೆರೆಯದಿದ್ದರೂ, ಅದೇ ಸದ್ದು ಮತ್ತೆ ಏರುತ್ತಿತ್ತು. ಸಂಕಲನದ ನಡುವೆ ಹೀಗಾದರೆ ಡಿಸ್ಕಿನೊಳಗೆ ತಿರುಗುವ ತಟ್ಟೆಗಳು ಪೂರ್ಣ ವೇಗಕ್ಕೆ ಬರುವ ತನಕ ಪರದೆಯ ಮೇಲಿನ ಚಿತ್ರ ಹಾಗೆಯೇ ನಿಂತಿರುತ್ತದೆ. ಆ ಕಾಯುವಿಕೆಯನ್ನು ಸಹಿಸಬಹುದು, ಆದರೆ ಮೋಟಾರಿಗೆ ಅತಿ ಹೆಚ್ಚು ಶ್ರಮವಾಗುವುದು ನಿಂತಲ್ಲಿಂದ ಹೊರಡುವ ಆ ಕೆಲವು ಸೆಕೆಂಡುಗಳಲ್ಲೇ ಎಂಬುದನ್ನು ಮರೆಯುವಂತಿಲ್ಲ.

ಯಾವುದೇ ಸೆಟ್ಟಿಂಗ್ ಮುಟ್ಟುವ ಮೊದಲು ನಾನು ಡಿಸ್ಕುಗಳ ಸ್ಮಾರ್ಟ್ ಪಟ್ಟಿಯನ್ನು, ಅಂದರೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕವನ್ನು, ಸ್ಮಾರ್ಟ್‌ಸಿಟಿಎಲ್ ಎಂಬ ಕಮಾಂಡಿನಿಂದ ತೆಗೆದು ಬರೆದಿಟ್ಟುಕೊಂಡೆ. ಈ ಪಟ್ಟಿಯಲ್ಲಿ ನಮಗೆ ಬೇಕಾದ ಸಾಲುಗಳು ಮೂರೇ. ನಾಲ್ಕನೆಯ ಸಂಖ್ಯೆಯ ಸಾಲು ಮೋಟಾರು ಎಷ್ಟು ಸಲ ನಿಂತು ಹೊರಟಿದೆ ಎಂಬುದನ್ನೂ, 12ನೆಯದು ಡಿಸ್ಕಿಗೆ ವಿದ್ಯುತ್ತೇ ಎಷ್ಟು ಸಲ ಹೋಗಿ ಬಂದಿದೆ ಎಂಬುದನ್ನೂ, 193ನೆಯದು ಓದುವ ಹೆಡ್ಡುಗಳು ಎಷ್ಟು ಸಲ ತಟ್ಟೆಯಿಂದ ಪಕ್ಕಕ್ಕೆ ಸರಿದು ಮರಳಿವೆ ಎಂಬುದನ್ನೂ ಹೇಳುತ್ತದೆ. ಒಂದು ರಾತ್ರಿ ಬಿಟ್ಟು ಮರುದಿನ ಇದೇ ಪಟ್ಟಿಯನ್ನು ಮತ್ತೆ ತೆಗೆದು ಹೋಲಿಸಿದರೆ ಅರ್ಧ ರೋಗನಿರ್ಣಯ ಮುಗಿದಂತೆ. ನಾಲ್ಕು ಮತ್ತು 12 ಎರಡೂ ಜೊತೆಜೊತೆಗೆ ಏರಿದ್ದರೆ ಅದು ನಿದ್ರೆಯ ಪ್ರಶ್ನೆಯಲ್ಲ, ಅಡಾಪ್ಟರಿನದೋ ಕೇಬಲಿನದೋ ಪ್ರಶ್ನೆ. ನಾಲ್ಕು ಮಾತ್ರ ಏರಿದ್ದರೆ ಯಾರೋ ಡಿಸ್ಕನ್ನು ಮಲಗಿಸಿ ಎಬ್ಬಿಸುತ್ತಿದ್ದಾರೆ. 193 ಮಾತ್ರ ಏರಿದ್ದರೆ ಮೋಟಾರು ತಿರುಗುತ್ತಲೇ ಇದ್ದು ಹೆಡ್ಡುಗಳಷ್ಟೇ ಸರಿಯುತ್ತಿವೆ; ಆಗ ಕೇಳುವುದು ಮೋಟಾರಿನ ಏರಿಳಿತವಲ್ಲ, ಸಣ್ಣದೊಂದು ‘ಟಿಕ್’ ಸದ್ದು. ನನ್ನ ಎರಡೂ ಡಿಸ್ಕುಗಳಲ್ಲಿ ಏರಿದ್ದದ್ದು ಮುಖ್ಯವಾಗಿ ನಾಲ್ಕನೆಯದು. ಯುಎಸ್‌ಬಿ ಪೆಟ್ಟಿಗೆಯೊಳಗಿನ ಡಿಸ್ಕು ಈ ಪಟ್ಟಿಯನ್ನು ಕೊಡಲು ಒಪ್ಪದಿದ್ದರೆ, ಕಮಾಂಡಿನಲ್ಲಿ ಸಾಧನದ ಬಗೆಯನ್ನು ‘ಸ್ಯಾಟ್’ ಎಂದು ಸೂಚಿಸಿ ನೋಡಬೇಕು.

ಮಲಗಿಸುವವರು ಮತ್ತು ಎಬ್ಬಿಸುವವರು ಬೇರೆ ಬೇರೆ. ಈ ವಿಷಯದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಮಲಗಿಸುವವರನ್ನು ಮಾತ್ರ ಹಿಡಿಯುತ್ತವೆ. ಡಿಸ್ಕು ಮಲಗಿ ಬೆಳಗಿನ ತನಕ ಮಲಗಿಯೇ ಇದ್ದರೆ ಯಾರಿಗೂ ನಷ್ಟವಿಲ್ಲ. ಆದ್ದರಿಂದ ನಾನು ಹುಡುಕಾಟವನ್ನು ಎಬ್ಬಿಸುವವರ ಕಡೆಯಿಂದಲೇ ಆರಂಭಿಸಿದೆ. ಫ್ಯಾಟ್ರೇಸ್ ಎಂಬ ಸಣ್ಣ ಸಾಧನವನ್ನು ಓಡಿಸಿಟ್ಟರೆ ಯಾವ ಪ್ರೋಗ್ರಾಮು ಯಾವ ಕಡತವನ್ನು ಮುಟ್ಟಿತೆಂಬುದನ್ನು ಒಂದೊಂದಾಗಿ ತೋರಿಸುತ್ತದೆ. ಟಿವಿಯಲ್ಲಿ ಆಟ ನೋಡಲು ಹಾಕಿಕೊಂಡಿದ್ದ ಮೀಡಿಯಾ ಸರ್ವರ್ ಹೊಸ ಕಡತ ಬಂದಿದೆಯೇ ಎಂದು ಇಡೀ ಸಂಗ್ರಹವನ್ನು ಆಗಾಗ ಜಾಲಾಡುತ್ತಿದ್ದುದು ಅದರಲ್ಲಿ ಸ್ಪಷ್ಟವಾಗಿ ಕಂಡಿತು. ಆ ಜಾಲಾಟವನ್ನು ಸಂಜೆ ಒಂದೇ ಸಲಕ್ಕೆ ಸೀಮಿತಗೊಳಿಸಿದೆ.

ಎರಡನೆಯವನು ಇನ್ನೂ ಸ್ವಾರಸ್ಯದವನು, ಏಕೆಂದರೆ ಅವನು ಡಿಸ್ಕಿನ ಆರೋಗ್ಯ ನೋಡಿಕೊಳ್ಳಲೆಂದೇ ನೇಮಕಗೊಂಡವನು. ಸ್ಮಾರ್ಟ್‌ಡಿ ಎಂಬ ಹಿನ್ನೆಲೆ ಪ್ರೋಗ್ರಾಮು ಬೇರೇನೂ ಹೇಳದಿದ್ದರೆ 30 ನಿಮಿಷಕ್ಕೊಮ್ಮೆ ಡಿಸ್ಕನ್ನು ವಿಚಾರಿಸುತ್ತದೆ, ಮತ್ತು ಮಲಗಿರುವ ಹಲವು ಡಿಸ್ಕುಗಳು ಆ ವಿಚಾರಣೆಗೇ ಎದ್ದು ಕೂರುತ್ತವೆ. 20 ನಿಮಿಷಕ್ಕೆ ಮಲಗುವ ಡಿಸ್ಕನ್ನು 30 ನಿಮಿಷಕ್ಕೊಮ್ಮೆ ಎಬ್ಬಿಸಿದರೆ ದಿನಕ್ಕೆ 48, ವರ್ಷಕ್ಕೆ 17,520 ಸಲ ಮೋಟಾರು ಹೊರಟಂತಾಯಿತು. ಹಿಂದಿನ ಕಾಲದ ಎಷ್ಟೋ ಡೆಸ್ಕ್‌ಟಾಪ್ ಡಿಸ್ಕುಗಳ ವಿವರಪತ್ರದಲ್ಲಿ ತಯಾರಕರು ಬರೆದಿರುತ್ತಿದ್ದ ಮಿತಿ 50,000. ಈ ಲೆಕ್ಕದಲ್ಲಿ ಅದು ಮೂರು ವರ್ಷ ತುಂಬುವ ಮೊದಲೇ ಮುಗಿಯುತ್ತದೆ. ಪರಿಹಾರವೇನೋ ಒಂದು ಸಾಲಿನದು: ಸ್ಮಾರ್ಟ್‌ಡಿಯ ಸಂರಚನಾ ಕಡತದಲ್ಲಿ ಆ ಡಿಸ್ಕಿನ ಮುಂದೆ ಸಣ್ಣ ‘ಎನ್’ ಆಯ್ಕೆಯನ್ನು ‘ಸ್ಟ್ಯಾಂಡ್‌ಬೈ’ ಎಂಬ ಮೌಲ್ಯದೊಂದಿಗೆ ಸೇರಿಸಿದರೆ, ಮಲಗಿರುವ ಡಿಸ್ಕನ್ನು ಅದು ಕೆಣಕದೆ ಮುಂದೆ ಹೋಗುತ್ತದೆ.

ಇನ್ನು ಮಲಗಿಸುವವರ ವಿಚಾರ. ಡಿಸ್ಕಿನ ಒಳಗಿನ ಟೈಮರ್, ಯುಎಸ್‌ಬಿ ಪೆಟ್ಟಿಗೆಯ ಬ್ರಿಡ್ಜ್ ಚಿಪ್ಪಿನ (ಡಿಸ್ಕಿಗೂ ಯುಎಸ್‌ಬಿಗೂ ನಡುವೆ ದುಭಾಷಿಯಂತಿರುವ ಚಿಪ್ಪು) ಟೈಮರ್ ಮತ್ತು ಆಪರೇಟಿಂಗ್ ಸಿಸ್ಟಮ್ ಈ ಮೂವರಲ್ಲಿ ಯಾರು ಬೇಕಾದರೂ ಆಗಿರಬಹುದು. ಡಿಸ್ಕಿನ ಟೈಮರನ್ನು ಎಚ್‌ಡಿಪಾರ್ಮ್ ಕಮಾಂಡಿನ ದೊಡ್ಡ ‘ಎಸ್’ ಆಯ್ಕೆ ನಿಯಂತ್ರಿಸುತ್ತದೆ. ಅದರ ಲೆಕ್ಕ ಸ್ವಲ್ಪ ವಿಚಿತ್ರ: ಸೊನ್ನೆ ಎಂದರೆ ಎಂದೂ ಮಲಗಬೇಡ, 1ರಿಂದ 240ರ ತನಕ ಪ್ರತಿ ಅಂಕಿಗೆ ಐದು ಸೆಕೆಂಡು, ಅಂದರೆ 240ಕ್ಕೆ 20 ನಿಮಿಷ, 241ರಿಂದ 251ರ ತನಕ ಪ್ರತಿ ಅಂಕಿಗೆ ಅರ್ಧ ಗಂಟೆ. ದೊಡ್ಡ ‘ಬಿ’ ಆಯ್ಕೆ ವಿದ್ಯುತ್ ಉಳಿತಾಯದ ಮಟ್ಟವನ್ನು ನಿರ್ಧರಿಸುತ್ತದೆ. 127ರವರೆಗಿನ ಮೌಲ್ಯಗಳು ಮೋಟಾರು ನಿಲ್ಲಿಸಲು ಅನುಮತಿ ಕೊಡುತ್ತವೆ, 128ರಿಂದ 254ರವರೆಗಿನವು ಕೊಡುವುದಿಲ್ಲ, 255 ಆ ಸೌಲಭ್ಯವನ್ನೇ ಮುಚ್ಚುತ್ತದೆ. 255ನ್ನು ಒಪ್ಪದ ಡಿಸ್ಕುಗಳಿರುವುದರಿಂದ ನಾನು 254ನ್ನೇ ಇಡುತ್ತೇನೆ.

ಸಂಕಲನದ ಡಿಸ್ಕಿಗೆ ಸೊನ್ನೆ ಮತ್ತು 254 ಕೊಟ್ಟು ಅದನ್ನು ಎಂದೂ ಮಲಗದಂತೆ ಮಾಡಿದೆ. ಹಳೆಯ ಸಂಗ್ರಹದ ಡಿಸ್ಕಿಗೆ 242, ಅಂದರೆ ಒಂದು ಗಂಟೆಯ ಗಡುವು ಕೊಡಬೇಕೆಂದುಕೊಂಡೆ. ಹತ್ತು ಹದಿನೈದು ನಿಮಿಷಗಳ ಮಧ್ಯಮ ಮಾರ್ಗ ಎರಡು ಕಡೆಯ ಲಾಭವನ್ನೂ ಕಳೆಯುತ್ತದೆಂಬುದು ನನ್ನ ಅಭಿಪ್ರಾಯ: ವಿದ್ಯುತ್ ಉಳಿತಾಯವೂ ಹೇಳಿಕೊಳ್ಳುವಷ್ಟಿಲ್ಲ, ಸವೆತವೂ ತಪ್ಪುವುದಿಲ್ಲ.

ಈ ಆಜ್ಞೆಗಳು ಕರೆಂಟು ಹೋಗುವ ತನಕ ಮಾತ್ರ ಬಾಳುತ್ತವೆ. ಆಟಿ ತಿಂಗಳ ಮಳೆಗಾಳಿಗೆ ನಮ್ಮಲ್ಲಿ ಕರೆಂಟು ಹೋಗುವುದೂ ಬರುವುದೂ ಲೆಕ್ಕವಿಲ್ಲದಷ್ಟು ಇರುವುದರಿಂದ, ಡಿಸ್ಕು ಕಾಣಿಸಿಕೊಂಡ ಕೂಡಲೇ ಆಜ್ಞೆ ತಾನಾಗಿಯೇ ಹೋಗುವಂತೆ ಸಾಧನಗಳ ಜೋಡಣೆಯನ್ನು ಗಮನಿಸುವ ಲಿನಕ್ಸ್‌ನ ಯುಡೆವ್ ವ್ಯವಸ್ಥೆಗೆ ನಿಯಮವೊಂದನ್ನು ಬರೆದಿಟ್ಟೆ. ನಿಯಮದಲ್ಲಿ ‘ಎಸ್‌ಡಿಬಿ’, ‘ಎಸ್‌ಡಿಸಿ’ಯಂಥ, ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಹೆಸರುಗಳನ್ನು ಬಳಸಕೂಡದು, ಮರಳಿ ಚಾಲೂ ಆದಾಗ ಈ ಹೆಸರುಗಳು ಅದಲು ಬದಲಾಗಿ, ಮಲಗಬೇಕಾದದ್ದು ಎಚ್ಚರವಿದ್ದು ಎಚ್ಚರವಿರಬೇಕಾದದ್ದು ಮಲಗಬಹುದು. ಡಿಸ್ಕಿನ ಸರಣಿ ಸಂಖ್ಯೆಯನ್ನೇ ಗುರುತಾಗಿ ಕೊಡಬೇಕು.

ಸಂಕಲನದ ಡಿಸ್ಕು ಮಾತು ಕೇಳಿತು. ಹಳೆಯ ಸಂಗ್ರಹದ ಪೆಟ್ಟಿಗೆ ಕೇಳಲಿಲ್ಲ. 242 ಎಂದು ಹೇಳಿದರೂ ಅದು ಹತ್ತೇ ನಿಮಿಷಕ್ಕೆ ಮಲಗುತ್ತಿತ್ತು. ಬೇರೊಂದು ಕಂಪ್ಯೂಟರಿಗೆ ಹಾಕಿದರೂ ಅದೇ ಹತ್ತು ನಿಮಿಷ, ಡಿಸ್ಕನ್ನು ಹೊರತೆಗೆದು, ಕಂಪ್ಯೂಟರಿನೊಳಗಿನ ಡಿಸ್ಕುಗಳಿಗೆ ಬಳಸುವ ಸಾಟಾ ಕೇಬಲಿಗೆ ನೇರವಾಗಿ ಜೋಡಿಸಿದಾಗ ಮಾತ್ರ ಒಂದು ಗಂಟೆ. ಹಾಗಾಗಿ ಟೈಮರ್ ಇದ್ದದ್ದು ಬ್ರಿಡ್ಜ್ ಚಿಪ್ಪಿನಲ್ಲೇ ಎಂಬುದು ಖಚಿತವಾಯಿತು. ಕೆಲವು ತಯಾರಕರು ಈ ಟೈಮರನ್ನು ಬದಲಿಸುವ ತಂತ್ರಾಂಶ ಕೊಡುತ್ತಾರೆ, ಈ ಪೆಟ್ಟಿಗೆಗೆ ಅಂಥದ್ದಿರಲಿಲ್ಲ. ಕೆಲವು ನಿಮಿಷಕ್ಕೊಮ್ಮೆ ಕಡತವೊಂದನ್ನು ಓದಿಸುತ್ತ ಡಿಸ್ಕನ್ನು ಎಚ್ಚರವಾಗಿಡಬಹುದೆಂಬ ಉಪಾಯವಿದೆ. ಆದರೆ ಅದೇ ಕಡತವನ್ನು ಎರಡನೆಯ ಸಲ ಕೇಳಿದಾಗ ಲಿನಕ್ಸ್ ಅದನ್ನು ರ‍್ಯಾಮಿನಿಂದಲೇ ಕೊಟ್ಟುಬಿಡುವುದರಿಂದ ಡಿಸ್ಕಿಗೆ ಸುದ್ದಿಯೇ ತಲುಪುವುದಿಲ್ಲ. ‘ಡಿಡಿ’ ಕಮಾಂಡಿಗೆ ‘ಡೈರೆಕ್ಟ್’ ಎಂಬ ಸೂಚನೆ ಕೊಟ್ಟು ಕ್ಯಾಶನ್ನು ಬದಿಗಿಟ್ಟು ಓದಿಸಿದರೆ ಕೆಲಸವಾಗುತ್ತದೆ. ಸಂಗ್ರಹದ ಡಿಸ್ಕನ್ನು ಹೀಗೆ ಸದಾ ಎಚ್ಚರವಾಗಿಡುವುದರಲ್ಲಿ ಅರ್ಥವಿಲ್ಲವೆನಿಸಿ, ಪೆಟ್ಟಿಗೆಯನ್ನೇ ಬದಲಿಸಿದೆ. ಹೊಸ ಪೆಟ್ಟಿಗೆಯ ಚಿಪ್ಪಿಗೆ ಸ್ವಂತ ಟೈಮರ್ ಇಲ್ಲ, ಎಚ್‌ಡಿಪಾರ್ಮ್‌ನ ಗಡುವನ್ನೂ ಅದು ಡಿಸ್ಕಿಗೆ ದಾಟಿಸುವುದಿಲ್ಲ. ಅದಕ್ಕೆ ಎಚ್‌ಡಿ-ಐಡಲ್ ಎಂಬ ಪ್ರೋಗ್ರಾಮನ್ನು 3,600 ಸೆಕೆಂಡಿನ ಗಡುವಿನೊಂದಿಗೆ ಓಡಿಸುತ್ತಿದ್ದೇನೆ. ಲಿನಕ್ಸ್‌ನ ತಿರುಳಾದ ಕರ್ನಲ್ ಇಟ್ಟುಕೊಳ್ಳುವ ಓದು-ಬರಹದ ಲೆಕ್ಕವನ್ನು ಗಮನಿಸುತ್ತಿದ್ದು, ಗಡುವು ಮೀರಿದರೆ ಮೋಟಾರು ನಿಲ್ಲಿಸುವ ಆಜ್ಞೆಯನ್ನು ಅದು ತಾನೇ ಕಳಿಸುತ್ತದೆ.

ಸದಾ ತಿರುಗುವ ಡಿಸ್ಕಿಗೆ ಕರಾವಳಿಯ ಸೆಕೆಯೊಂದು ಪ್ರಶ್ನೆ. ಸ್ಮಾರ್ಟ್ ಪಟ್ಟಿಯ 194ನೆಯ ಸಾಲು ಉಷ್ಣತೆಯನ್ನು ತೋರಿಸುತ್ತದೆ. ಮೇ ತಿಂಗಳ ಮಧ್ಯಾಹ್ನ ಅದು 50 ಡಿಗ್ರಿಯ ಹತ್ತಿರ ಬಂದದ್ದನ್ನು ಕಂಡು, ಪೆಟ್ಟಿಗೆಯನ್ನು ಮುಚ್ಚಿದ ಕಪಾಟಿನಿಂದ ತೆಗೆದು, ಯುಎಸ್‌ಬಿಯಲ್ಲಿ ಓಡುವ ಸಣ್ಣ ಫ್ಯಾನೊಂದರ ಎದುರು ನಿಲ್ಲಿಸಿದೆ. ತಯಾರಕರ ಮಿತಿ ಸಾಮಾನ್ಯವಾಗಿ 60 ಡಿಗ್ರಿ. ಆ ಅಂಚಿನ ತನಕ ಹೋಗಲು ನಾನು ಬಿಡುವುದಿಲ್ಲ.

ಮಂಗಳೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿರುವ ಸ್ನೇಹಿತರೊಬ್ಬರು ಇದನ್ನೆಲ್ಲ ಕೇಳಿ, “ನನ್ನದು ವಿಂಡೋಸ್ ಮಾರಾಯ್ರೇ, ಈ ಕಮಾಂಡೆಲ್ಲ ನನಗೆ ಬೇಡ” ಎಂದರು. ಅವರಿಗೆ ಬೇಕಾದದ್ದು ಪವರ್ ಆಪ್ಷನ್ಸ್‌ನಲ್ಲಿ ಹಾರ್ಡ್ ಡಿಸ್ಕ್ ಆರಿಸುವ ಸಮಯವನ್ನು 20 ನಿಮಿಷದಿಂದ ಸೊನ್ನೆಗೆ (ಎಂದೂ ಆರಿಸಬೇಡ ಎಂದರ್ಥ) ಇಳಿಸುವುದು ಮತ್ತು ಬಳಸದ ಯುಎಸ್‌ಬಿ ಸಾಧನಗಳನ್ನು ಮಲಗಿಸುವ, ಅಲ್ಲಿಯೇ ಇರುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡನ್ನು ಮುಚ್ಚುವುದು. ಅಷ್ಟಾದ ಮೇಲೂ ಅವರ ಎರಡೂವರೆ ಇಂಚಿನ ಡಿಸ್ಕು ನಿಂತು ಹೊರಡುವುದನ್ನು ಬಿಡಲಿಲ್ಲ. ವಿಂಡೋಸಿನಲ್ಲಿ ಸ್ಮಾರ್ಟ್ ಪಟ್ಟಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ನೋಡಿದರೆ ವಿದ್ಯುತ್ ಹೋಗಿ ಬಂದ ಲೆಕ್ಕವೂ ಜೊತೆಗೇ ಏರುತ್ತಿತ್ತು. ಒಂದು ಪೋರ್ಟನ್ನು ಹಲವಾಗಿಸುವ, ಸ್ವಂತ ಅಡಾಪ್ಟರ್ ಇಲ್ಲದ ಯುಎಸ್‌ಬಿ ಹಬ್ ಒಂದಕ್ಕೆ ಆ ಡಿಸ್ಕಿನ ಜೊತೆ ಕಾರ್ಡ್ ರೀಡರೂ ಇನ್ನೊಂದು ಡಿಸ್ಕೂ ನೇತಾಡುತ್ತಿದ್ದವು. ಯುಎಸ್‌ಬಿ 3ರ ನಿಯಮದಂತೆ ಒಂದು ಪೋರ್ಟು ಕೊಡಬೇಕಾದದ್ದು 900 ಮಿಲಿಆಂಪಿಯರ್. ಅದನ್ನು ಮೂವರು ಹಂಚಿಕೊಂಡರೆ ಮೋಟಾರು ಹೊರಡುವ ಕ್ಷಣಕ್ಕೆ ಸಾಲುವುದಿಲ್ಲ. ಡಿಸ್ಕನ್ನು ಕಂಪ್ಯೂಟರಿನ ಹಿಂಬದಿಯ ಪೋರ್ಟಿಗೆ ಗಿಡ್ಡ ಕೇಬಲಿನಲ್ಲಿ ನೇರವಾಗಿ ಹಾಕಿದ ಮೇಲೆ ಎರಡೂ ಲೆಕ್ಕಗಳು ಏರುವುದನ್ನು ನಿಲ್ಲಿಸಿದವು.