ಪ್ಯಾರಿಸ್ ನೆಲದಡಿಯ ಮೂಳೆಗಳ ಸುರಂಗ: ಅವಸರವಿಲ್ಲದೆ ನೋಡುವುದು ಹೇಗೆ?

ಪ್ಯಾರಿಸ್‌ನ ಕ್ಯಾಟಕೂಂಬ್ಸ್‌ಗೆ ಹೋಗುವವರು ಎರಡು ಕಡೆ ಎಡವುತ್ತಾರೆ. ಟಿಕೆಟ್ ಕೊಳ್ಳುವಾಗ ಒಮ್ಮೆ, ಕೆಳಗಿಳಿದ ಮೇಲೆ ಇನ್ನೊಮ್ಮೆ. ಟಿಕೆಟ್ ವಿಷಯದಲ್ಲಿ ಎಡವಿದರೆ ದುಡ್ಡು ಹೋಗುತ್ತದೆ, ಅಷ್ಟೇ. ಕೆಳಗೆ ಎಡವಿದರೆ ಅರುವತ್ತು ಲಕ್ಷಕ್ಕೂ ಹೆಚ್ಚು ಜನರ ಮೂಳೆಗಳ ಪಕ್ಕದಲ್ಲೇ ನಡೆದು ಬಂದರೂ ಏನೂ ನೋಡದ ಹಾಗಾಗುತ್ತದೆ.

ಮೊದಲ ಕೆಲಸ, ಯಾರ್‍ಯಾರು ಬರುತ್ತಾರೆ ಎಂದು ಮನೆಯಲ್ಲೇ ತೀರ್ಮಾನಿಸುವುದು. ಇಳಿಯಲು 131 ಮೆಟ್ಟಿಲು, ಹತ್ತಲು 112. ಎಲ್ಲ ಇಕ್ಕಟ್ಟಾದ ಸುರುಳಿ ಮೆಟ್ಟಿಲು. ನಡುವೆ ಒಂದೂವರೆ ಕಿಲೋಮೀಟರ್ ನಡಿಗೆ. ದಾರಿಯಲ್ಲಿ ಶೌಚಾಲಯ ಇಲ್ಲ. ಮಂಡಿನೋವಿರುವ ಅಪ್ಪ ಅಮ್ಮನನ್ನು "ನಿಧಾನಕ್ಕೆ ಇಳಿದರಾಯ್ತು" ಎಂದು ಕರೆದುಕೊಂಡು ಹೋಗಬೇಡಿ. ಒಳಗೆ ಏನಿದೆ ಎಂಬುದನ್ನು ಹಿರಿಯರಿಗೆ ಮುಚ್ಚಿಡಲೂ ಬೇಡಿ. ಮೂಳೆಗಳ ಹತ್ತಿರ ಹೋಗಿ ಬಂದ ಮೇಲೆ ಸ್ನಾನ ಮಾಡಲೇಬೇಕು ಎನ್ನುವವರು ನಮ್ಮಲ್ಲಿ ಅನೇಕರಿದ್ದಾರೆ. ಅದನ್ನು ಗೌರವಿಸಿ. ದಿನದ ಕೊನೆಯ ಕಾರ್ಯಕ್ರಮವಾಗಿ ಇಟ್ಟುಕೊಂಡರೆ ನೇರವಾಗಿ ಹೋಟೆಲಿಗೆ ಹೋಗಬಹುದು, ಅಲ್ವಾ?

ಎರಡನೆಯದು ಟಿಕೆಟ್. ಅಧಿಕೃತ ಜಾಲತಾಣದಲ್ಲೇ ಕೊಳ್ಳಿ. ಪ್ರತಿ ಟಿಕೆಟ್‌ಗೂ ಒಳಹೋಗುವ ಸಮಯ ಗೊತ್ತುಮಾಡಿರುತ್ತಾರೆ. ಕೆಲವೇ ದಿನ ಮುಂಚೆ ಮಾರಾಟಕ್ಕೆ ಬಿಡುವುದರಿಂದ, ತಿಂಗಳುಗಳ ಹಿಂದೆ ಹುಡುಕಿ "ಸಿಗಲಿಲ್ಲ" ಎಂದು ಕೈಬಿಡಬೇಡಿ. ಪ್ರವಾಸದ ಹಿಂದಿನ ವಾರ ಮತ್ತೆ ನೋಡಿ. ಸೋಮವಾರ ರಜೆ. 2025ರ ನವೆಂಬರ್‌ನಲ್ಲಿ ದೊಡ್ಡ ದುರಸ್ತಿಗೆಂದು ತಿಂಗಳುಗಟ್ಟಲೆ ಮುಚ್ಚಿದ್ದರು. ಹಾಗಾಗಿ ತೆರೆದಿದೆಯೇ ಎಂಬುದನ್ನೂ ಅಲ್ಲೇ ಖಚಿತ ಮಾಡಿಕೊಳ್ಳಿ. "ಸಾಲು ನಿಲ್ಲಬೇಕಿಲ್ಲ" ಎಂದು ಜಾಸ್ತಿ ದುಡ್ಡಿಗೆ ಮರುಮಾರಾಟ ಮಾಡುವ ತಾಣಗಳಿವೆ. ಅವುಗಳ ಸಹವಾಸ ಬೇಡ. ಇನ್ನೊಂದು ಅಡ್ಡದಾರಿಯೂ ಇದೆ. ಮುಚ್ಚಿದ ಸುರಂಗಗಳಿಗೆ ರಾತ್ರಿ ಇಳಿಸುತ್ತೇವೆ ಎನ್ನುವವರು ಸಿಗುತ್ತಾರೆ. ಅವರ ಜೊತೆ ಖಂಡಿತ ಹೋಗಬೇಡಿ. ಅಂಥ ಪ್ರವೇಶಕ್ಕೆ 1955ರಿಂದಲೇ ನಿಷೇಧವಿದೆ. ದಾರಿ ತಪ್ಪಿದರೆ ಹುಡುಕುವುದೂ ಕಷ್ಟ.

ಬಟ್ಟೆಯ ಬಗ್ಗೆ ಒಂದೇ ಮಾತು: ಒಳಗೆ ವರ್ಷವಿಡೀ 14 ಡಿಗ್ರಿ, ನೆಲ ಒದ್ದೆ, ಆದ್ದರಿಂದ ಸ್ವೆಟರ್ ಮತ್ತು ಜಾರದ ಶೂ. ಚಪ್ಪಲಿ ಬೇಡ. 40ಕ್ಕೆ 30 ಸೆಂಟಿಮೀಟರ್ ಮೀರಿದ ಬ್ಯಾಗು ಬಿಡುವುದಿಲ್ಲ, ಬ್ಯಾಗು ಇಟ್ಟು ಹೋಗಲು ಜಾಗವೂ ಇಲ್ಲ. ಮೆಟ್ರೊ 4 ಅಥವಾ 6ನೇ ಲೈನ್ ಹಿಡಿದು ದಾಂಫೇರ್ ರೋಶ್ರೊ ನಿಲ್ದಾಣದಲ್ಲಿ ಇಳಿಯಿರಿ. ಚೌಕದ ನಡುವೆ ದೊಡ್ಡ ಸಿಂಹ ಕಾಣುತ್ತದೆ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆ ಮಾಡಿದ ಬಾರ್ತೋಲ್ದಿಯೇ ಇದನ್ನೂ ಮಾಡಿದ್ದು. ಪ್ರವೇಶ ಅಲ್ಲೇ.

ಇನ್ನು ಕೆಳಗಿನ ನಡಿಗೆ. ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ಮೆಟ್ಟಿಲು ಇಳಿದ ಕೂಡಲೇ ಮೂಳೆ ಕಾಣುವುದಿಲ್ಲ. ಉದ್ದನೆಯ, ಖಾಲಿ ಕಲ್ಲಿನ ಓಣಿಗಳು ಸಿಗುತ್ತವೆ. "ಇಲ್ಲೇನೂ ಇಲ್ಲ" ಎಂದು ಜನ ಓಡುತ್ತಾರೆ. ಓಡಬೇಡಿ. ನೀವು ನಿಂತಿರುವುದು ಸುಣ್ಣದಕಲ್ಲಿನ ಹಳೆಯ ಗಣಿಯಲ್ಲಿ. ಪ್ಯಾರಿಸ್ ಕಟ್ಟಿದ್ದು ಇಂಥ ಕಲ್ಲಿನಿಂದಲೇ. ಕಲ್ಲು ತೆಗೆದು ತೆಗೆದು ನೆಲ ಪೊಳ್ಳಾಗಿ ಮೇಲಿನ ಬೀದಿಗಳು ಕುಸಿಯತೊಡಗಿದವು. 1777ರಲ್ಲಿ ಗಣಿಗಳನ್ನು ಬಲಪಡಿಸಲೆಂದೇ ಒಂದು ಇಲಾಖೆ ಮಾಡಿ ಗಿಯೊಮೊ ಎಂಬ ವಾಸ್ತುಶಿಲ್ಪಿಯನ್ನು ನೇಮಿಸಿದರು. ಗೋಡೆಯಲ್ಲಿ ಒಂದು ಸಂಖ್ಯೆ, ಜಿ ಅಕ್ಷರ, ಒಂದು ಇಸವಿ ಕೆತ್ತಿದ್ದು ಕಂಡರೆ ನಿಲ್ಲಿ. ಆ ಜಿ ಗಿಯೊಮೊನದು, ಇಸವಿ ಆ ಗೋಡೆ ಕಟ್ಟಿದ ವರ್ಷ. ಡೆಕ್ಯೂರ್ ಎಂಬ ಗಣಿ ಕೆಲಸಗಾರ ಕೆತ್ತಿದ ಪುಟ್ಟ ಕೋಟೆಯೂ ಇದೇ ದಾರಿಯಲ್ಲಿದೆ. ಅವನು ಹಿಂದೆ ಸೈನಿಕನಾಗಿದ್ದವನು. ಮಿನೋರ್ಕಾ ದ್ವೀಪದ ಪೋರ್ಟ್ ಮಾಹೋನ್ ಕೋಟೆಯನ್ನು ನೆನಪಿನಿಂದಲೇ ಕೆತ್ತಿದ.

ಆಮೇಲೆ ಬಾಗಿಲು. "ನಿಲ್ಲು! ಇದು ಸಾವಿನ ಸಾಮ್ರಾಜ್ಯ" ಎಂದು ಫ್ರೆಂಚ್‌ನಲ್ಲಿ ಬರೆದಿದೆ. ಎಲ್ಲರೂ ಅಲ್ಲಿ ಫೋಟೊಗೆ ಗುಂಪು ಸೇರುತ್ತಾರೆ. ಗುಂಪು ಮುಂದೆ ಹೋಗುವವರೆಗೆ ಪಕ್ಕಕ್ಕೆ ನಿಂತು ಕಾಯಿರಿ. ಒಳಗೆ ಒಂದೇ ಸಲ ತುಂಬಾ ಜನರನ್ನು ಬಿಡುವುದಿಲ್ಲವಾದ್ದರಿಂದ, ಸ್ವಲ್ಪ ಕಾದರೆ ಓಣಿ ನಿಮ್ಮದಾಗುತ್ತದೆ. ಆಡಿಯೋ ಗೈಡ್ ಇಲ್ಲಿಯವರೆಗೆ ಕೇಳಿದ್ದು ಸಾಕು, ನಿಲ್ಲಿಸಿ. ಕಿವಿಯಲ್ಲಿ ಮಾತು ಓಡುತ್ತಿದ್ದರೆ ಕಣ್ಣು ಸರಿಯಾಗಿ ನೋಡುವುದಿಲ್ಲ.

ತೊಡೆಮೂಳೆ, ಕಾಲಿನ ಮೂಳೆಗಳ ತುದಿಗಳು ಹೊರಗೆ ಕಾಣುವಂತೆ ಸೌದೆ ಒಟ್ಟಿದ ಹಾಗೆ ಜೋಡಿಸಿ, ನಡುನಡುವೆ ಬುರುಡೆಗಳ ಸಾಲು ಇಟ್ಟಿದ್ದಾರೆ. ಈ ಅಲಂಕಾರ 1810ರ ಸುಮಾರಿನಲ್ಲಿ ಎರಿಕಾರ್ ದ ತ್ಯುರಿ ಎಂಬ ಅಧಿಕಾರಿ ಮಾಡಿಸಿದ್ದು. ಕಾಣುವುದು ಮುಂಭಾಗ ಮಾತ್ರ. ಹಿಂದೆ ಉಳಿದ ಮೂಳೆಗಳು ರಾಶಿ ರಾಶಿಯಾಗಿ ಬಿದ್ದಿವೆ. ಬುರುಡೆ ನೋಡುವ ಮೊದಲು ಕಲ್ಲಿನ ಫಲಕ ನೋಡಿ. ನಾನು ಇದನ್ನು ಒತ್ತಿ ಹೇಳುತ್ತೇನೆ. ಫ್ರೆಂಚ್ ಬರದಿದ್ದರೂ ಪರವಾಗಿಲ್ಲ. ಫಲಕದಲ್ಲಿ ಸ್ಮಶಾನದ ಹೆಸರಿರುತ್ತದೆ, ಮೂಳೆಗಳನ್ನು ಇಲ್ಲಿಗೆ ತಂದ ಇಸವಿ ಇರುತ್ತದೆ. ಇನೊಸಾಂ ಎಂಬ ಹೆಸರು ಹುಡುಕಿ. ಶತಮಾನಗಳ ಕಾಲ ಹೂಳಿ ಹೂಳಿ ತುಂಬಿಹೋಗಿದ್ದ ಸ್ಮಶಾನ ಅದು. 1780ರಲ್ಲಿ ಅದರ ಪಕ್ಕದ ಮನೆಯ ನೆಲಮಾಳಿಗೆಯ ಗೋಡೆಯೇ ಒಡೆಯಿತು. ಸ್ಮಶಾನ ಮುಚ್ಚಿದರು. ಈ ಗಣಿಯನ್ನು 1786ರ ಏಪ್ರಿಲ್ 7ರಂದು ಪವಿತ್ರಗೊಳಿಸಿ, ಕಪ್ಪು ಬಟ್ಟೆ ಹೊದಿಸಿದ ಗಾಡಿಗಳಲ್ಲಿ ರಾತ್ರಿ ಹೊತ್ತು, ಪಾದ್ರಿಗಳ ಪ್ರಾರ್ಥನೆಯೊಂದಿಗೆ ಮೂಳೆಗಳನ್ನು ತಂದರು. 1789ರ ಏಪ್ರಿಲ್ 28ರಂದು ರೆವೆಯೋಂ ಕಾರ್ಖಾನೆಯ ಗಲಭೆಯಲ್ಲಿ ಸತ್ತವರಿಗೂ ಒಂದು ಫಲಕವಿದೆ. ಫ್ರೆಂಚ್ ಕ್ರಾಂತಿಗೆ ಇನ್ನೂ ಎರಡೂವರೆ ತಿಂಗಳಿತ್ತು. ಫಲಕ ಓದಿ ಪಕ್ಕದ ಗೋಡೆ ನೋಡಿದಾಗ ಅಲ್ಲಿರುವವರು ಮನುಷ್ಯರು ಎಂಬುದು ಮನಸ್ಸಿಗೆ ತಟ್ಟುತ್ತದೆ.

ಮುಟ್ಟಬೇಡಿ. ಬೆರಳಿನ ತೇವಕ್ಕೂ ಹಳೆಯ ಮೂಳೆ ಹಾಳಾಗುತ್ತದೆ. ಫೋಟೊ ತೆಗೆಯಬಹುದು, ಫ್ಲ್ಯಾಶ್ ಮತ್ತು ಟ್ರೈಪಾಡ್ ಇಲ್ಲದೆ. ಬುರುಡೆಯ ಪಕ್ಕ ಮುಖವಿಟ್ಟು ಸೆಲ್ಫಿ ಮಾತ್ರ ಬೇಡ. ನಮ್ಮ ಅಜ್ಜ ಅಜ್ಜಿಯ ಅಸ್ಥಿಯ ಪಕ್ಕ ಯಾರಾದರೂ ಹಾಗೆ ನಿಂತರೆ ನಾವು ಸಹಿಸುತ್ತೇವೆಯೇ? ಮಕ್ಕಳಿಗೂ ಇಳಿಯುವ ಮೊದಲೇ ಇದನ್ನು ಹೇಳಿ. 14 ವರ್ಷದೊಳಗಿನವರ ಜೊತೆ ದೊಡ್ಡವರು ಇರಲೇಬೇಕು.

ಹೊರಬರುವ ಬಾಗಿಲು ಬೇರೆ ಕಡೆ, ರನೆ ಕೋಟಿ ಅವೆನ್ಯೂದಲ್ಲಿದೆ. ಮೂಳೆ ಕದ್ದೊಯ್ಯುವವರು ಇದ್ದಾರೆಂದು ಅಲ್ಲಿ ಬ್ಯಾಗು ತಪಾಸಣೆ ಮಾಡಬಹುದು. ಕೆಳಗಿಳಿಯದ ಅಪ್ಪ ಅಮ್ಮನನ್ನು ಸಿಂಹದ ಚೌಕದ ಬಳಿ ಕೂರಿಸಿದ್ದರೆ, ಅಲ್ಲೇ ಇರಲು ಹೇಳಿ ಹತ್ತು ನಿಮಿಷ ನಡೆದು ನೀವೇ ವಾಪಸ್ ಬನ್ನಿ. ನೆಲದಡಿ ಫೋನ್ ಸಿಗುವ ಭರವಸೆ ಇಲ್ಲ, ಆದ್ದರಿಂದ ಇಳಿಯುವ ಮೊದಲೇ ಹೇಳಿ ಹೋಗಿ.