ಮಲೆನಾಡಿನ ಮಳೆಯಲ್ಲಿ ಮನೆ ಕಂಪ್ಯೂಟರ್: ನನ್ನ ಅನುಭವ

ನಮ್ಮ ಕಡೆ ಕಂಪ್ಯೂಟರ್ ಕೆಟ್ಟರೆ ಎಲ್ಲರೂ ಮೊದಲು ಹೇಳುವುದು ‘ವೈರಸ್ ಹೊಕ್ಕಿರಬೇಕು’ ಅಂತ. ಆಮೇಲಿನ ಮಾತು ‘ಒಂದ್ಸಲ ಫಾರ್ಮ್ಯಾಟ್ ಹೊಡೆಸಿಬಿಡಿ’, ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಿ ಅಂತ. ನಾನು ತೀರ್ಥಹಳ್ಳಿ ತಾಲೂಕಿನ ಹಳ್ಳಿಯವನು. ತೋಟದ ಲೆಕ್ಕ, ಸೊಸೈಟಿಯ ಕಾಗದಪತ್ರ, ಮಕ್ಕಳ ಓದು ಎಲ್ಲಾ ಮನೆಯ ಡೆಸ್ಕ್‌ಟಾಪ್‌ನಲ್ಲೇ ನಡೆಯುತ್ತದೆ. ದೊಡ್ಡ ರಿಪೇರಿ ಅಂದರೆ ಶಿವಮೊಗ್ಗಕ್ಕೆ ಹೋಗಬೇಕು, ತೀರ್ಥಹಳ್ಳಿಯಿಂದಲೇ 60 ಕಿಲೋಮೀಟರ್ ದೂರ. ಜಡಿಮಳೆಯಲ್ಲಿ ಕ್ಯಾಬಿನೆಟ್ ಹೊತ್ತುಕೊಂಡು ಬಸ್ಸು ಹತ್ತುವುದು ಆಗದ ಮಾತು. ಹಾಗಾಗಿ ನಾನೇ ಬಿಚ್ಚಿ ನೋಡುವುದು ರೂಢಿಯಾಯಿತು. ಬರಬರುತ್ತಾ ಅಕ್ಕಪಕ್ಕದ ಮನೆಯವರ ಕಂಪ್ಯೂಟರ್‌ಗಳೂ ನನ್ನ ಟೇಬಲ್ಲಿಗೆ ಬರತೊಡಗಿದವು. ಅಷ್ಟನ್ನೂ ನೋಡಿದ ಮೇಲೆ ಧೈರ್ಯವಾಗಿ ಹೇಳುತ್ತೇನೆ: ಮಲೆನಾಡಿನಲ್ಲಿ ಕಂಪ್ಯೂಟರ್ ಕೆಡುವುದಕ್ಕೆ ಥಂಡಿ, ಸಿಡಿಲು, ಕರೆಂಟು ಇವೇ ದೊಡ್ಡ ಕಾರಣ. ವೈರಸ್ಸಿನ ಪಾಳಿ ಆಮೇಲೆ.

ಥಂಡಿಯಿಂದಲೇ ಶುರು ಮಾಡುತ್ತೇನೆ. ನಮ್ಮ ತಾಲೂಕಿನದ್ದೇ ಆದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತದೆ. ನಮ್ಮೂರಲ್ಲಿ ಅಷ್ಟಿಲ್ಲದಿದ್ದರೂ ಆರಿದ್ರಾ ಮಳೆ ಹಿಡಿದರೆ ಚಪ್ಪಲಿ, ಬೆಲ್ಟು, ಬೀರುವಿನಲ್ಲಿಟ್ಟ ಬಟ್ಟೆಗೆಲ್ಲ ಬೂಷ್ಟು ಹಿಡಿಯುತ್ತದೆ. ಕಂಪ್ಯೂಟರನ್ನು ಅದು ಬಿಟ್ಟೀತಾ? ವಾರಗಟ್ಟಲೆ ಆಫ್ ಮಾಡಿಟ್ಟ ಸಿಸ್ಟಮ್ಮನ್ನು ಒಂದು ದಿನ ಆನ್ ಮಾಡುತ್ತೀರಿ. ಒಳಗಿನ ಫ್ಯಾನು ತಿರುಗುತ್ತದೆ, ಲೈಟೂ ಉರಿಯುತ್ತದೆ, ಆದರೆ ಪರದೆ ಕಪ್ಪು. ಕೆಲವು ಬೋರ್ಡುಗಳು ಬೀಪ್ ಬೀಪ್ ಅಂತ ಬಡಿದುಕೊಳ್ಳುತ್ತವೆ. ಮದರ್‌ಬೋರ್ಡೇ (ಎಲ್ಲಾ ಭಾಗ ಕೂರುವ ಮುಖ್ಯ ಬೋರ್ಡು) ಹೋಯಿತು ಅಂತ ಹೆದರಬೇಡಿ. ಮಳೆಗಾಲದಲ್ಲಿ ನನ್ನ ಟೇಬಲ್ಲಿಗೆ ಬಂದ ಇಂಥ ಕೇಸುಗಳಲ್ಲಿ ಹೆಚ್ಚಿನವು, ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್ ಒರೆಸಿದ ಕೂಡಲೇ ಎದ್ದು ಕೂತಿವೆ.

ಮೊದಲು ಹೊರಗಿನದ್ದನ್ನು ನೋಡಿಕೊಳ್ಳುತ್ತೇನೆ. ಮಾನಿಟರಿಗೆ ಕರೆಂಟು ಬರುತ್ತಿದೆಯಾ, ಅದರ ಕೇಬಲ್ ಎರಡೂ ತುದಿಯಲ್ಲಿ ಗಟ್ಟಿಯಾಗಿ ಕೂತಿದೆಯಾ ಅಂತ ಒತ್ತಿ ನೋಡುತ್ತೇನೆ. ಅಲ್ಲಿ ಎಲ್ಲಾ ಸರಿ ಇದ್ದರೆ ಒಳಗೆ ಕೈ ಹಾಕುವುದು.

ಪ್ಲಗ್ ಪೂರ್ತಿ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಕಿತ್ತ ಮೇಲೆ ಪವರ್ ಬಟನ್ನನ್ನು ಒಂದೆರಡು ಸಲ ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದಿರುವ ಕರೆಂಟು ಇಳಿಯುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ತಗಡನ್ನು ಕೈಯಿಂದ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟು ಹೋಗುತ್ತದೆ. ಹಿಂದಿನ ಎರಡು ಸ್ಕ್ರೂ ತೆಗೆದರೆ ಪಕ್ಕದ ತಗಡು ಜಾರಿಕೊಂಡು ಬರುತ್ತದೆ. ಪ್ರೊಸೆಸರ್ ಫ್ಯಾನಿನ ಪಕ್ಕ ಉದ್ದಕ್ಕೆ ನಿಂತಿರುವ ತೆಳ್ಳನೆಯ ಪಟ್ಟಿಯೇ ರ‍್ಯಾಮ್. ಅದರ ತುದಿಯ ಕ್ಲಿಪ್ಪನ್ನು ಹೊರಕ್ಕೆ ಒತ್ತಿದರೆ ಪಟ್ಟಿ ತಾನೇ ಸ್ವಲ್ಪ ಮೇಲೆ ಬರುತ್ತದೆ. ಅಂಚು ಹಿಡಿದು ಎತ್ತಿ. ಕೆಳಗಡೆ ಚಿನ್ನದ ಬಣ್ಣದ ಹಲ್ಲುಗಳ ಸಾಲು ಕಾಣುತ್ತದೆ, ಅಲ್ವಾ? ತೇವ ಮತ್ತು ದೂಳು ಸೇರಿ ಅಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಅಷ್ಟಕ್ಕೇ ಸಂಪರ್ಕ ತಪ್ಪುತ್ತದೆ. ಮಕ್ಕಳ ಪೆನ್ಸಿಲ್ ಡಬ್ಬದ ಮೆತ್ತನೆಯ ಬಿಳಿ ರಬ್ಬರಿನಿಂದ ಎರಡೂ ಕಡೆ ಹಗುರವಾಗಿ ಒರೆಸುತ್ತೇನೆ. ಜೋರಾಗಿ ತಿಕ್ಕಬಾರದು, ಆ ಲೇಪ ತುಂಬಾ ತೆಳು. ಐಸೊಪ್ರೊಪೈಲ್ ಆಲ್ಕೊಹಾಲ್ ಸಿಕ್ಕರೆ ಅದು ಇನ್ನೂ ಒಳ್ಳೆಯದು, ಹತ್ತಿಗೆ ತೊಟ್ಟು ಹಾಕಿ ಒರೆಸಿದರೆ ಮುಗಿಯಿತು. ಸ್ಯಾನಿಟೈಸರ್ ಮಾತ್ರ ಬೇಡ, ಅದರಲ್ಲಿ ಅಂಟಿನ ಪದಾರ್ಥ ಇರುತ್ತದೆ. ರಬ್ಬರಿನ ಪುಡಿಯನ್ನು ಒಣ ಬ್ರಷ್ಷಿನಲ್ಲಿ ಕೊಡವಿ, ಸ್ಲಾಟಿನೊಳಗಿನ ದೂಳನ್ನೂ ಬ್ರಷ್ಷಿನಿಂದಲೇ ತೆಗೆದು, ಪಟ್ಟಿಯ ಕಚ್ಚನ್ನು ಸ್ಲಾಟಿನ ಉಬ್ಬಿಗೆ ಹೊಂದಿಸಿ ಎರಡೂ ತುದಿ ಒತ್ತಿ. ‘ಟಕ್’ ಅಂತ ಕ್ಲಿಪ್ ಕೂರಬೇಕು. ಕೂರಲಿಲ್ಲ ಅಂದರೆ ಪಟ್ಟಿ ಅರ್ಧವೇ ಕೂತಿದೆ ಅಂತ ಅರ್ಥ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ಯಾವುದರ ತಕರಾರು ಅಂತ ಗೊತ್ತಾಗುತ್ತದೆ.

ಇದು ಬರದ ಹಾಗೆ ನೋಡಿಕೊಳ್ಳುವ ಉಪಾಯ ತೀರಾ ಸುಲಭ. ಮಳೆಗಾಲದಲ್ಲಿ ಕೆಲಸ ಇರಲಿ, ಬಿಡಲಿ, ಸಿಡಿಲಿಲ್ಲದ ಹೊತ್ತು ನೋಡಿ ದಿನಾ ಅರ್ಧ ಗಂಟೆಯಾದರೂ ಕಂಪ್ಯೂಟರ್ ಓಡಿಸುತ್ತೇನೆ. ಅದರದ್ದೇ ಬಿಸಿಗೆ ಒಳಗಿನ ತೇವ ಆರುತ್ತದೆ. ಮಳೆ ಬಡಿಯುವ ಹೊರಗೋಡೆಗೆ ತಾಗಿಸಿ ಇಡುವುದಿಲ್ಲ, ಗೋಡೆಗೂ ಕ್ಯಾಬಿನೆಟ್ಟಿಗೂ ನಡುವೆ ಒಂದು ಗೇಣು ಜಾಗ ಬಿಡುತ್ತೇನೆ. ನೆಲದ ಮೇಲಂತೂ ಬೇಡವೇ ಬೇಡ. ತುಂಬಾ ಮನೆಗಳಲ್ಲಿ ಪ್ಲಾಸ್ಟಿಕ್ ಕವರ್ ಹೊದಿಸಿ ಜೋಪಾನ ಮಾಡುತ್ತಾರೆ. ಆ ಕವರಿನೊಳಗೆ ತೇವ ಸಿಕ್ಕಿಹಾಕಿಕೊಳ್ಳುತ್ತದೆ. ಹತ್ತಿ ಬಟ್ಟೆ ಸಾಕು, ಅದೂ ಆಫ್ ಆಗಿ ತಣ್ಣಗಾದ ಮೇಲೆ. ಬೆಚ್ಚಗಿರಲಿ ಅಂತ ಬಚ್ಚಲ ಒಲೆಯ ಪಕ್ಕದ ಕೋಣೆಯಲ್ಲಿ ಇಡುವವರೂ ಇದ್ದಾರೆ. ಹೊಗೆಯ ಜಿಡ್ಡು ಫ್ಯಾನಿಗೆ ಹತ್ತಿದರೆ ಬ್ರಷ್ಷಿಗೂ ಬಗ್ಗುವುದಿಲ್ಲ.

ಥಂಡಿಯ ಜೊತೆಗೇ ಇನ್ನೊಂದು ಸಣ್ಣ ತೊಂದರೆ ಹೇಳಿಬಿಡುತ್ತೇನೆ. ಕಂಪ್ಯೂಟರ್ ಆನ್ ಮಾಡಿದರೆ ತಾರೀಖು ಹತ್ತಾರು ವರ್ಷ ಹಿಂದೆ ಹೋಗಿರುತ್ತದೆ. ಇಂಟರ್ನೆಟ್ ಇದ್ದರೂ ಬ್ಯಾಂಕಿನ ಸೈಟು ‘ಸುರಕ್ಷಿತವಲ್ಲ’ ಅಂತ ತೆರೆಯುವುದೇ ಇಲ್ಲ. ಎಲ್ಲರೂ ಇದನ್ನೂ ವೈರಸ್ ಅಂತಲೇ ಅಂದುಕೊಳ್ಳುತ್ತಾರೆ. ಸೈಟಿನ ಸರ್ಟಿಫಿಕೇಟಿಗೆ ಶುರುವಿನ ದಿನ, ಮುಗಿಯುವ ದಿನ ಎರಡೂ ಇರುತ್ತವೆ, ನಮ್ಮ ಗಡಿಯಾರ ಆ ಶುರುವಿನ ದಿನಕ್ಕಿಂತ ಹಿಂದೆ ಇದ್ದರೆ ಬ್ರೌಸರ್ ಒಪ್ಪುವುದಿಲ್ಲ. ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಸಿಆರ್ 2032 ಅನ್ನುವ ಮೂರು ವೋಲ್ಟಿನ ಸೆಲ್ ಇರುತ್ತದೆ. ಕರೆಂಟಿಲ್ಲದಾಗ ಗಡಿಯಾರ ಓಡಿಸುವುದು ಅದೇ. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಅಕ್ಷರ ಇರುವ ಬದಿ ಮೇಲೆ ಬರುವ ಹಾಗೆ ಹಾಕಿ, ತಾರೀಖು ಸರಿ ಮಾಡಿದರೆ ಆಯಿತು.

ಸಿಡಿಲಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಕಟ್ಟುನಿಟ್ಟು. ಜೋರು ಮಳೆಗಾಲಕ್ಕಿಂತ ಅದರ ಹಿಂದೆ ಮುಂದೆ ಅಪಾಯ ಜಾಸ್ತಿ. ಏಪ್ರಿಲ್ ಕೊನೆಯ ಭರಣಿ, ಮೇ ತಿಂಗಳ ಕೃತ್ತಿಕೆ, ಮತ್ತೆ ಅಕ್ಟೋಬರಿನ ಚಿತ್ತೆ, ಸ್ವಾತಿ ಮಳೆಗಳಲ್ಲಿ ಸಂಜೆ ಹೊತ್ತು ಗುಡುಗು ಶುರುವಾದರೆ ಮನೆಯಲ್ಲಿ ಯಾರೇ ಇದ್ದರೂ ಪ್ಲಗ್ ಕೀಳಬೇಕು ಅನ್ನುವುದು ನಮ್ಮಲ್ಲಿ ಕಾನೂನು. ಸ್ವಿಚ್ಚಿನೊಳಗಿನ ಎಡೆ ಕೆಲವೇ ಮಿಲಿಮೀಟರ್. ಮೋಡದಿಂದ ನೆಲಕ್ಕೆ ಜಿಗಿದ ಸಿಡಿಲಿಗೆ ಅದು ಯಾವ ಲೆಕ್ಕ? ಸ್ಪೈಕ್ ಗಾರ್ಡ್ ಸಣ್ಣಪುಟ್ಟ ಏರುಪೇರು ತಡೆಯುತ್ತದೆ, ಹತ್ತಿರದಲ್ಲಿ ಬಿದ್ದ ಸಿಡಿಲನ್ನಲ್ಲ.

ಪ್ಲಗ್ ಕಿತ್ತವರೂ ಮರೆಯುವುದು ನೆಟ್‌ವರ್ಕ್ ಕೇಬಲ್ಲನ್ನು. ತಾಮ್ರದ ಫೋನ್ ಲೈನು ಇದ್ದ ಮನೆಗಳಲ್ಲಿ ಸಿಡಿಲು ಆ ತಂತಿ ಹಿಡಿದು ಮೋಡೆಮ್ಮಿಗೆ, ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಮದರ್‌ಬೋರ್ಡಿಗೆ ಬರುತ್ತದೆ. ಕರೆಂಟಿನ ಪ್ಲಗ್ ಕಿತ್ತಿದ್ದರೂ ಲ್ಯಾನ್ ಪೋರ್ಟ್ ಸುಟ್ಟುಹೋದ ಬೋರ್ಡುಗಳನ್ನು ನೋಡಿದ್ದೇನೆ. ಈಗ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ ನಿಜ. ಆದರೆ ಎಷ್ಟೋ ಕಡೆ ಕಂಬದಿಂದ ಮನೆಗೆ ಎಳೆದ ಫೈಬರಿನ ಜೊತೆ ಬಲಕ್ಕೆ ಅಂತ ಉಕ್ಕಿನ ತಂತಿ ಇರುತ್ತದೆ, ಫೈಬರ್ ಡಬ್ಬಿಯ ಅಡಾಪ್ಟರ್ ಕೂಡ ಕರೆಂಟಿಗೇ ಸಿಕ್ಕಿಸಿರುತ್ತದೆ. ಹಾಗಾಗಿ ಗುಡುಗು ಕೇಳಿದರೆ ಕಂಪ್ಯೂಟರಿನ ಪ್ಲಗ್, ಡಬ್ಬಿಯ ಅಡಾಪ್ಟರ್, ಲ್ಯಾನ್ ಕೇಬಲ್ ಎಲ್ಲಾ ಕೀಳಿ. ಡಬ್ಬಿಗೂ ಕಂಪ್ಯೂಟರಿಗೂ ನಡುವೆ ವೈಫೈ ಇಟ್ಟುಕೊಂಡರೆ ಒಂದು ತಂತಿಯ ಚಿಂತೆ ತಪ್ಪುತ್ತದೆ. ತಲೆ ಮೇಲೇ ಗುಡುಗುತ್ತಿರುವಾಗ ಮಾತ್ರ ವೈರು ಮುಟ್ಟಲು ಹೋಗಬೇಡಿ. ದೂರದ ಗುಡುಗು ಕೇಳಿದಾಗಲೇ ಈ ಕೆಲಸ ಮುಗಿಸಬೇಕು.

ಕರೆಂಟಿನಲ್ಲಿ ಮುಖ್ಯವಾದದ್ದು ಅರ್ಥಿಂಗ್. ಕ್ಯಾಬಿನೆಟ್ಟಿನ ತಗಡಿಗೆ ಬೆರಳಿನ ಹಿಂಭಾಗ ಸವರಿದರೆ ಜುಂ ಅನ್ನುತ್ತದೆಯಾ? ಎಷ್ಟೋ ಜನ ‘ಅದು ಹಾಗೇ ಇರುತ್ತದೆ’ ಅಂತ ಬಿಟ್ಟುಬಿಡುತ್ತಾರೆ. ಕಂಪ್ಯೂಟರಿನ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸುವ ಪವರ್ ಡಬ್ಬಿ) ಒಳಗೆ ಕರೆಂಟಿನ ಗಲೀಜನ್ನು ಅರ್ಥಿಗೆ ಬಿಡುವ ಸಣ್ಣ ಕೆಪಾಸಿಟರ್‌ಗಳು ಇರುತ್ತವೆ. ಅರ್ಥ್ ಸಿಗದಿದ್ದರೆ ತಗಡಿನ ಮೇಲೆ ಮನೆಯ 230 ವೋಲ್ಟಿನ ಅರ್ಧದಷ್ಟು ಬಂದು ಕೂರುತ್ತದೆ. ಹರಿಯುವ ಕರೆಂಟು ತೀರಾ ಕಡಿಮೆ, ಹಾಗಾಗಿ ಜುಂ ಅಷ್ಟೇ. ಆದರೆ ಪ್ರಿಂಟರ್, ಪೆನ್‌ಡ್ರೈವ್ ಸಿಕ್ಕಿಸುವಾಗ ಯುಎಸ್‌ಬಿ ಪೋರ್ಟ್ ಹಾಳಾಗಲು ಅಷ್ಟು ಸಾಕು. ಇನ್ನೇನಾದರೂ ಇನ್ಸುಲೇಷನ್ ಹೋದರೆ ಜೀವಕ್ಕೇ ಅಪಾಯ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಓಡಿಸುತ್ತಿದ್ದರೆ ಇವತ್ತೇ ಬಿಡಿ. ನಮ್ಮ ಮನೆಯ ಸುತ್ತ ಜಂಬಿಟ್ಟಿಗೆ ನೆಲ. ಮಳೆಗಾಲದಲ್ಲಿ ಅರ್ಥ್ ಚೆನ್ನಾಗಿರುತ್ತದೆ, ಮಾರ್ಚ್ ಬಂತು ಅಂದರೆ ನೆಲ ಒಣಗಿ ಕೈಕೊಡುತ್ತದೆ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ಆಗಾಗ ನೀರು ಹೊಯ್ಯುತ್ತೇನೆ. ಅರ್ಥ್ ಸರಿ ಇದೆಯಾ ಅಂತ ಅಳೆಯುವುದು ವೈರಿಂಗ್ ಬಲ್ಲವರ ಕೆಲಸ, ಅವರಿಂದಲೇ ಮಾಡಿಸಿ.

ಕರೆಂಟು ಹೋದಾಗ ಬ್ಯಾಟರಿಯಿಂದ ಸ್ವಲ್ಪ ಹೊತ್ತು ಓಡಿಸುವ ಯುಪಿಎಸ್ ಇಲ್ಲದೆ ನಮ್ಮ ಕಡೆ ಡೆಸ್ಕ್‌ಟಾಪ್ ಇಡುವುದು ಬೇಡ ಅನ್ನುತ್ತೇನೆ. ಮನೆ ಬಳಕೆಗೆ 600 ವಿಎ ಸಾಮರ್ಥ್ಯದ್ದು ಸಾಕು. ಅದು ಇರುವುದು ಫೈಲ್ ಸೇವ್ ಮಾಡಿ ಸರಿಯಾಗಿ ಶಟ್‌ಡೌನ್ ಮಾಡುವುದಕ್ಕೆ, ಕರೆಂಟಿಲ್ಲದೆ ಸಿನಿಮಾ ನೋಡುವುದಕ್ಕಲ್ಲ. ಒಳಗಿನ 12 ವೋಲ್ಟಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ, ಆಗ ಬ್ಯಾಟರಿ ಬದಲಿಸಿದರೆ ಸಾಕು, ಹೊಸ ಯುಪಿಎಸ್ ಬೇಡ. ಲೇಸರ್ ಪ್ರಿಂಟರನ್ನು ಅದಕ್ಕೆ ಸಿಕ್ಕಿಸಬೇಡಿ, ಕಾದು ಬಿಸಿಯಾಗುವಾಗ ಅದು ಎಳೆಯುವ ಕರೆಂಟು ಜಾಸ್ತಿ.

ಹುಳುಹುಪ್ಪಟೆಯ ಕಾಟವೂ ಇದೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಲ್ಯಾನ್ ಪೋರ್ಟಿನ ತೂತು ಹೇಳಿ ಮಾಡಿಸಿದ ಜಾಗ. ಮರದ ಕಡ್ಡಿಯಲ್ಲಿ ಮೆಲ್ಲಗೆ ಕೆರೆದು ತೆಗೆಯುತ್ತೇನೆ, ಪಿನ್ನು ಬಾಗಬಾರದು. ಬಳಸದ ಪೋರ್ಟುಗಳಿಗೆ ಟೇಪ್ ಅಂಟಿಸಿದರೆ ಆ ರಗಳೆಯೇ ಇಲ್ಲ. ದೂಳು ಊದುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಬ್ಲೋವರಿನ ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹೋಗುತ್ತದೆ.

ಇನ್ನು ‘ಸ್ಲೋ ಆಗಿದೆ’ ಅನ್ನುವ ದೂರು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿ ಡಿಸ್ಕ್ ಸದಾ ಶೇಕಡಾ 100ರ ಹತ್ತಿರವೇ ನಿಂತಿದ್ದರೆ, ಒಳಗಿರುವುದು ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ, ಫಾರ್ಮ್ಯಾಟ್ ಮಾಡಿಯೂ ಪ್ರಯೋಜನ ಕಡಿಮೆ. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ. ಹಳೆಯ ಸಿಸ್ಟಮ್ಮಿಗೆ ಇದಕ್ಕಿಂತ ಒಳ್ಳೆಯ ಖರ್ಚು ನಾನು ಕಂಡಿಲ್ಲ. ಅದೇ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನು ಡಿಸೇಬಲ್ ಮಾಡುವುದು ಪುಕ್ಕಟೆ ಉಪಾಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ಅದಿಲ್ಲದ ಹಳೆಯ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡರೆ ಬ್ರೌಸರ್, ಪತ್ರ, ಲೆಕ್ಕ ಎಲ್ಲಕ್ಕೂ ಆಗುತ್ತದೆ, ಕನ್ನಡವೂ ಬರೆಯಬಹುದು.

ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿದರೆ ರಿಪೇರಿಯ ಯೋಚನೆ ಬಿಟ್ಟು ಮೊದಲು ಬೇಕಾದ್ದನ್ನು ಕಾಪಿ ಮಾಡಿಕೊಳ್ಳಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪುಕ್ಕಟೆ ಪ್ರೋಗ್ರಾಂ ಡಿಸ್ಕಿನ ಆರೋಗ್ಯ ಹೇಳುತ್ತದೆ. ನೀಲಿ ಬಣ್ಣ ಇದ್ದರೆ ಸದ್ಯಕ್ಕೆ ಸರಿ, ಹಳದಿ ತೋರಿಸಿದರೆ ಆ ಡಿಸ್ಕನ್ನು ನಂಬಬೇಡಿ. ಬ್ಯಾಕಪ್ ಅಂದಾಗ ನಮ್ಮವರು ಫೋಟೋ ಮಾತ್ರ ನೆನಪು ಮಾಡಿಕೊಳ್ಳುತ್ತಾರೆ. ಕನ್ನಡ ಟೈಪಿಂಗಿನ ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಪತ್ರಗಳು ಇದ್ದರೆ ಆ ಫಾಂಟುಗಳನ್ನೂ ಎತ್ತಿಡಿ. ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಅಂಥ ಫೈಲನ್ನು ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫಾರ್ಮ್ಯಾಟ್ ಆದ ಮೇಲೆ ‘ಫೈಲ್ ಹಾಳಾಗಿದೆ’ ಅಂತ ಅಳುತ್ತಾ ಬಂದವರಿಗೆ ಫಾಂಟ್ ಹಾಕಿಕೊಟ್ಟಾಗ ಎಲ್ಲಾ ಮರಳಿ ಕಂಡಿದೆ. ಬಿಡುವಾದಾಗ ಮುಖ್ಯವಾದವನ್ನು ಯೂನಿಕೋಡಿಗೆ ಬದಲಿಸಿಕೊಳ್ಳುವುದು ಒಳ್ಳೆಯದು.

ಎಸ್‌ಎಂಪಿಎಸ್ ಡಬ್ಬಿ ಮತ್ತು ಯುಪಿಎಸ್ಸಿನ ಸರ್ಕ್ಯೂಟನ್ನು ನಾನು ಬಿಚ್ಚುವುದಿಲ್ಲ, ನೀವೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿ ನಿಂತಿರಬಹುದು. ಬೋರ್ಡಿನ ಮೇಲಿನ ಕೆಪಾಸಿಟರ್ ತಲೆ ಉಬ್ಬಿದ್ದರೆ, ಸುಟ್ಟ ವಾಸನೆ ಬಂದಿದ್ದರೆ ಅಲ್ಲಿಗೆ ಕೈಬಿಟ್ಟು ಶಿವಮೊಗ್ಗದ ಬಸ್ಸು ಹಿಡಿಯಬೇಕು. ಅಂಗಡಿಗೆ ಕೊಡುವ ಮುಂಚೆ ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ. ಪವರ್ ಅಥವಾ ಬೋರ್ಡಿನ ರಿಪೇರಿಗೆ ಅದರ ಅಗತ್ಯವಿಲ್ಲ. ಏನಾಗಿತ್ತು, ಬೀಪ್ ಬಂತಾ, ಯಾವುದನ್ನೆಲ್ಲ ಬದಲಿಸಿ ನೋಡಿದಿರಿ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿಗೆ ಅಂಟಿಸಿ ಕೊಡಿ. ಮಾಡಿದ್ದನ್ನೇ ಮತ್ತೆ ಮಾಡುವ ಹೊತ್ತು ಉಳಿಯುತ್ತದೆ, ಸುಮ್ನೆ ಫಾರ್ಮ್ಯಾಟಿಗೆ ದುಡ್ಡು ಕೊಡುವುದೂ ತಪ್ಪುತ್ತದೆ.